ಕಿಂಡಿ ತೆರೆದಿರಲಿ, ಹಾಸಿಗೆ ಬೆಚ್ಚಗಿರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಕಾರಿನ ಹಿಂದೆ ಎಳೆದೊಯ್ಯುವ ಚಿಕ್ಕ ಕ್ಯಾಂಪಿಂಗ್ ಟ್ರೇಲರ್. ಉದ್ದ 4 ಮೀಟರ್, ಅಗಲ 2 ಮೀಟರ್, ಎತ್ತರ 2 ಮೀಟರ್. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳುವಾದ ಪ್ಲೈವುಡ್, ನಡುವೆ ಬರೀ ಟೊಳ್ಳು. ಚಾವಣಿಯಲ್ಲಿ ಒಂದು ಗಾಳಿಕಿಂಡಿ, ಎರಡು ಬರ್ನರಿನ ಗ್ಯಾಸ್ ಒಲೆ, 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಇವೆ. ಹೋದ ಸಲ ರಾತ್ರಿಯ ಉಷ್ಣಾಂಶ 3 ಡಿಗ್ರಿಗೆ ಇಳಿದಾಗ ಕಿಟಕಿಯ ಸಂದುಗಳಿಗೆ ಟೇಪ್ ಅಂಟಿಸಿ, ಗಾಳಿಕಿಂಡಿಗೆ ಬಟ್ಟೆ ತುರುಕಿ, ಒಂದು ಬರ್ನರನ್ನು ಸಣ್ಣಗೆ ಉರಿಸಿಟ್ಟುಕೊಂಡು ನಾನು, ನನ್ನ ಹೆಂಡತಿ ಮತ್ತು ಆರು ವರ್ಷದ ಮಗಳು ಮಲಗಿದೆವು. ಬೆಳಿಗ್ಗೆ ನಮ್ಮಿಬ್ಬರಿಗೂ ತಲೆನೋವು, ಮಗಳಿಗೆ ವಾಕರಿಕೆ. ಗೋಡೆಯ ಮೇಲೆಲ್ಲ ನೀರು ಇಳಿಯುತ್ತಿತ್ತು. ಹೆಚ್ಚು ಖರ್ಚಿಲ್ಲದೆ, ಅಪಾಯವೂ ಇಲ್ಲದೆ ಒಳಗೆ ಬೆಚ್ಚಗಿರಬೇಕಾದರೆ ಯಾವ ಹೀಟರ್ ಕೊಳ್ಳಬೇಕು?

ಉತ್ತರ: ಹೀಟರಿನ ಮಾತು ಆಮೇಲೆ, ಮೊದಲು ಆ ತಲೆನೋವಿನ ವಿಷಯ. ಒಂದೇ ಕೋಣೆಯಲ್ಲಿ ಮಲಗಿದ್ದ ಮೂವರಿಗೂ ಒಂದೇ ಬೆಳಿಗ್ಗೆ ತಲೆನೋವು, ವಾಕರಿಕೆ ಬಂದಿದೆಯೆಂದರೆ ಅದನ್ನು ಚಳಿಯ ಮೇಲೋ ಪ್ರಯಾಣದ ಆಯಾಸದ ಮೇಲೋ ಹೊರಿಸಿ ಸುಮ್ಮನಾಗುವಂತಿಲ್ಲ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮೈಗೆ ಸೇರಿದಾಗ ಕಾಣುವ ಮೊದಲ ಲಕ್ಷಣಗಳು ಇವೇ. ನೀವು ಮೂವರೂ ಎದ್ದು ಕುಳಿತು ಈ ಪತ್ರ ಬರೆಯುವಂತಾದದ್ದು ಪುಣ್ಯವೆಂದೇ ನಾನು ತಿಳಿಯುತ್ತೇನೆ.

ಆ ರಾತ್ರಿ ಒಳಗೆ ಏನಾಯಿತೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ನಿಮ್ಮ ಟ್ರೇಲರಿನಲ್ಲಿ ಹಿಡಿಯುವ ಗಾಳಿ 16 ಘನ ಮೀಟರ್, ತೂಕದಲ್ಲಿ ಸುಮಾರು 19 ಕಿಲೋ. ಅದರಲ್ಲಿ ಆಮ್ಲಜನಕ ನಾಲ್ಕೂವರೆ ಕಿಲೋ ಇದ್ದರೆ ಹೆಚ್ಚು. 2,000 ವ್ಯಾಟಿನಷ್ಟು ಶಾಖ ಕೊಡುವ ಒಂದು ಬರ್ನರ್ ಗಂಟೆಗೆ ಸುಮಾರು 150 ಗ್ರಾಂ ಗ್ಯಾಸ್ ಉರಿಸಿ, ಅದಕ್ಕಾಗಿ ಅರ್ಧ ಕಿಲೋಗೂ ಮಿಕ್ಕಿ ಆಮ್ಲಜನಕವನ್ನು ನುಂಗುತ್ತದೆ. ಎಲ್ಲವನ್ನೂ ಮುಚ್ಚಿದ ಪೆಟ್ಟಿಗೆಯಲ್ಲಿ ಹಾಗೆ ಉರಿಸಿದರೆ ಒಂದೇ ಗಂಟೆಯಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ 21ರಿಂದ 18ರ ಆಸುಪಾಸಿಗೆ ಇಳಿಯುತ್ತದೆ. ನೀವು ಉರಿಯನ್ನು ಸಣ್ಣಗಿಟ್ಟಿದ್ದಿರಿ, ಟೇಪಿನ ಆಚೆಗೂ ಎಲ್ಲೋ ಒಂದಿಷ್ಟು ಗಾಳಿ ನುಸುಳಿರಬೇಕು. ಹಾಗಾಗಿ ಇಳಿತ ನಿಧಾನವಾಗಿರಬಹುದು, ಆದರೆ ಅದಕ್ಕೆ ಇಡೀ ರಾತ್ರಿಯ ಕಾಲಾವಕಾಶವಿತ್ತು. ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಪೂರ್ತಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟತೊಡಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ ಎಂದು ಕೆಲವರು ಧೈರ್ಯ ತಂದುಕೊಳ್ಳುತ್ತಾರೆ. ಆ ವಾಸನೆ ಸೋರಿಕೆ ಗೊತ್ತಾಗಲೆಂದು ಬೆರೆಸಿದ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು, ಗ್ಯಾಸ್ ಉರಿಯುವಾಗ ಅದೂ ಉರಿದುಹೋಗುತ್ತದೆ. ರಕ್ತದಲ್ಲಿನ ಹೀಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ಗಾಳಿಯ 10 ಲಕ್ಷ ಭಾಗದಲ್ಲಿ ಇದು 400 ಭಾಗದಷ್ಟಿದ್ದರೂ ಒಂದೆರಡು ಗಂಟೆಯಲ್ಲಿ ತಲೆನೋವು ಬರುತ್ತದೆ, ಮೂರು ಗಂಟೆ ದಾಟಿದರೆ ಜೀವಕ್ಕೇ ಅಪಾಯವಿದೆ. ನಿದ್ದೆಯಲ್ಲಿರುವವರಿಗೆ ತಲೆನೋವು ಎಚ್ಚರಿಕೆ ಕೊಡುವುದಿಲ್ಲ. ನಿದ್ದೆ ಹಾಗೆಯೇ ಮೂರ್ಛೆಗೆ ಜಾರುತ್ತದೆ.

ಇನ್ನೊಮ್ಮೆ ಇಂಥ ಲಕ್ಷಣ ಕಂಡರೆ ಕಾರಣ ಹುಡುಕುತ್ತ ಒಳಗೆ ನಿಲ್ಲಬೇಡಿ. ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆಗೆ ಹೋಗಿ. ಮಾಮೂಲು ಗಾಳಿಯಲ್ಲಿ ಉಸಿರಾಡುತ್ತಿದ್ದರೆ ರಕ್ತದಲ್ಲಿ ಸೇರಿದ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ಸಂದರ್ಭದಲ್ಲಿ ನಂಬಿಕೆಗೆ ಅರ್ಹವಲ್ಲ. ಕಾರ್ಬನ್ ಮಾನಾಕ್ಸೈಡ್ ಹಿಡಿದುಕೊಂಡ ಹೀಮೋಗ್ಲೋಬಿನನ್ನೂ ಅದು ಆಮ್ಲಜನಕ ಹೊತ್ತದ್ದೆಂದೇ ಓದಿ, 98 ಎಂದು ತೋರಿಸಿಬಿಡಬಹುದು.

ಹೀಗಾಗಿ ನಿದ್ದೆಯ ಹೊತ್ತಿನಲ್ಲಿ ಒಳಗೆ ಯಾವ ಉರಿಯೂ ಇರಕೂಡದು ಎಂಬುದು ಮೊದಲ ನಿಯಮ. ಅಡುಗೆಯ ಒಲೆ ಅಡುಗೆಗೆ ಮಾತ್ರ. ಎಲ್ಲಕ್ಕಿಂತ ಮೋಸದ್ದು ಕೆಂಡ. ಹೊರಗೆ ಚೆನ್ನಾಗಿ ಉರಿದು, ಹೊಗೆಯೆಲ್ಲ ಅಡಗಿ, ಬೂದಿ ಮುಸುಕಿದ ಕೆಂಡವನ್ನು ಅಗ್ಗಿಷ್ಟಿಕೆಯಲ್ಲಿಟ್ಟು ಒಳಗೆ ತಂದರೆ ಅದು ಸಾಧುವಾಗಿಯೇ ಕಾಣುತ್ತದೆ; ಆದರೆ ಹೊಗೆಯಿಲ್ಲದ ಆ ಕೆಂಡ ಉಗುಳುವಷ್ಟು ಕಾರ್ಬನ್ ಮಾನಾಕ್ಸೈಡನ್ನು ಸರಿಯಾಗಿ ಉರಿಯುವ ಗ್ಯಾಸ್ ಒಲೆ ಉಗುಳುವುದಿಲ್ಲ.

ಇನ್ನು ನೀವು ಗಾಳಿಕಿಂಡಿಗೆ ಬಟ್ಟೆ ತುರುಕಿದ ವಿಷಯ. ಬಿಸಿಯೆಲ್ಲ ಅಲ್ಲಿಂದಲೇ ಓಡಿಹೋಗುತ್ತದೆ ಎಂಬ ಭಾವನೆ ಬಹಳ ಜನರಲ್ಲಿದೆ. ನನ್ನಲ್ಲೂ ಇತ್ತು, ಒಮ್ಮೆ ಕಾಗದದ ಮೇಲೆ ಲೆಕ್ಕ ಮಾಡುವವರೆಗೆ. ಹೊರಗೆ 3 ಡಿಗ್ರಿ, ಒಳಗೆ 18 ಡಿಗ್ರಿ ಎಂದುಕೊಳ್ಳೋಣ. ನಿಮ್ಮ ಟ್ರೇಲರಿನ ಇಡೀ ಗಾಳಿ ಗಂಟೆಗೆ ಒಂದು ಸಲ ಪೂರ್ತಿ ಬದಲಾದರೆ, ಹೊಸ ತಣ್ಣನೆಯ ಗಾಳಿಯನ್ನು ಬಿಸಿಮಾಡಲು ಬೇಕಾದ ಶಾಖ ಸುಮಾರು 80 ವ್ಯಾಟ್ ಮಾತ್ರ. ಮೂವರು ಮಲಗುವ ಜಾಗಕ್ಕೆ ಗಂಟೆಗೆ ಎರಡು ಸಲ ಗಾಳಿ ಬದಲಾಗುವುದು ಒಳ್ಳೆಯದು; ಆಗಲೂ 160 ವ್ಯಾಟ್ ಆಯಿತು. ಮಲಗಿರುವ ದೊಡ್ಡವರೊಬ್ಬರ ಮೈಯಿಂದ ಹೊರಬೀಳುವ ಶಾಖವೇ 70-80 ವ್ಯಾಟ್ ಇರುತ್ತದೆ. ಅಂದರೆ ನೀವು ಮೂವರು ಸುಮ್ಮನೆ ಮಲಗಿದ್ದರೂ ಗಾಳಿಕಿಂಡಿಯ ಬಾಕಿ ಹೆಚ್ಚುಕಡಿಮೆ ತೀರಿಹೋಗುತ್ತದೆ. ಅದೇ ಹೊತ್ತಿಗೆ ಟೊಳ್ಳಾದ ಗೋಡೆ, ಚಾವಣಿ, ನೆಲ ಮತ್ತು ಕಿಟಕಿಗಳ ಮೂಲಕ ಸೋರಿಹೋಗುವ ಶಾಖ ಅಂದಾಜು 1,700 ವ್ಯಾಟ್! ಕಳ್ಳ ಗೋಡೆಯಲ್ಲಿರುವಾಗ ನೀವು ಕಿಂಡಿಗೆ ಕಾವಲು ಹಾಕಿದ್ದೀರಿ. ಆದ್ದರಿಂದ ಚಾವಣಿಯ ಕಿಂಡಿಯನ್ನು ಎರಡು ಬೆರಳಿನಷ್ಟಾದರೂ ತೆರೆದಿಡಿ, ಗಾಳಿ ಒಳಬರಲು ಕೆಳಗಡೆ ಇನ್ನೊಂದು ಕಿಂಡಿಯೋ ಕಿಟಕಿಯ ಸಂದೋ ಇರಲಿ. ಮೇಲೆ ಒಂದು, ಕೆಳಗೆ ಒಂದು ಇದ್ದರೆ ಗಾಳಿ ತಾನಾಗಿ ಹರಿಯುತ್ತದೆ.

ಹಣ ಖರ್ಚು ಮಾಡುವುದಿದ್ದರೆ ಗೋಡೆಗೆ ಮಾಡಿ. ಪ್ಲೈವುಡ್ ಬಿಚ್ಚಿ, ಟೊಳ್ಳಿನೊಳಗೆ 25 ಮಿಲಿಮೀಟರ್ ದಪ್ಪದ, ನೀರು ಹೀರದ, ಬೆಂಕಿ ಸುಲಭವಾಗಿ ಹತ್ತದ ಗಟ್ಟಿ ಫೋಮ್ ಹಾಳೆಯನ್ನು ಸಂದಿಲ್ಲದಂತೆ ಕೂರಿಸಿದರೆ ಆ 1,700 ವ್ಯಾಟ್ ಸುಮಾರು 700ಕ್ಕೆ ಇಳಿಯುತ್ತದೆ. ಒಮ್ಮೆ ಮಾಡಿದರೆ ಟ್ರೇಲರ್ ಇರುವಷ್ಟು ದಿನ ಅದು ದುಡಿಯುತ್ತದೆ, ಇಂಧನ ಕೇಳುವುದಿಲ್ಲ, ಬೇಸಿಗೆಯಲ್ಲಿ ಬಿಸಿಲನ್ನೂ ತಡೆಯುತ್ತದೆ. ಗೋಡೆ ಬಿಚ್ಚುವ ಶ್ರಮ ಬೇಡವೆನ್ನುವವರು ಕಿಟಕಿಯಿಂದ ಶುರುಮಾಡಬಹುದು. ಒಂದೇ ಪದರದ ಅಕ್ರಿಲಿಕ್ ಕಿಟಕಿಯ ಒಂದು ಚದರ ಮೀಟರ್, ನಿಮ್ಮ ಟೊಳ್ಳು ಗೋಡೆಯ ಒಂದು ಚದರ ಮೀಟರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಶಾಖವನ್ನು ಹೊರಗೆ ಬಿಡುತ್ತದೆ. ಬೆಳ್ಳಿಬಣ್ಣದ ಹೊದಿಕೆಯಿರುವ ಒಂದು ಸೆಂಟಿಮೀಟರ್ ದಪ್ಪದ ಫೋಮ್ ಹಾಳೆಯನ್ನು ಕಿಟಕಿಯ ಅಳತೆಗೆ ಕತ್ತರಿಸಿ, ರಾತ್ರಿ ಒಳಗಡೆಯಿಂದ ಒತ್ತಿ ಕೂರಿಸಿದರೆ ಆ ಸೋರಿಕೆ ಅರ್ಧಕ್ಕೂ ಕಡಿಮೆಯಾಗುತ್ತದೆ. ಬಾಗಿಲಲ್ಲದೆ ತುರ್ತು ಸಮಯದಲ್ಲಿ ಹೊರಬೀಳಬಹುದಾದ ಕಿಟಕಿ ಒಂದಾದರೂ ಇರಬೇಕು. ಆ ಕಿಟಕಿಯ ಹಾಳೆ ಒಂದೇ ಕೈಯಲ್ಲಿ ಕಿತ್ತುಬರುವಂತಿರಲಿ. ನೆಲಕ್ಕೆ ಒತ್ತಾದ ಫೋಮ್ ಚಾಪೆಯನ್ನು ಹಾಸಿ, ಅದರ ಮೇಲೆ ಜಮಖಾನೆ ಹಾಕಿ. ಕೆಳಗಿನಿಂದ ಗಾಳಿ ಬೀಸುವ ಟ್ರೇಲರಿನಲ್ಲಿ ನೆಲವೂ ಒಂದು ಹೊರಗೋಡೆಯೇ.

ನೆಲದ ಮಾತು ಬಂದದ್ದರಿಂದ ನನ್ನದೇ ಒಂದು ದಡ್ಡತನವನ್ನು ಹೇಳಿಬಿಡುತ್ತೇನೆ. ಟ್ರೇಲರ್ ಕೊಂಡ ಮೊದಲ ಚಳಿಗಾಲದಲ್ಲಿ ಒಲೆಯ ಕೆಳಗಿನ ಕಪಾಟಿನಿಂದ ಕಾಲಿಗೆ ತಣ್ಣನೆಯ ಗಾಳಿ ಬಡಿಯುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ ಸಿಲಿಂಡರ್ ಇಡುವ ಮೂಲೆಯಲ್ಲಿ, ನೆಲಕ್ಕೇ ಕೊರೆದ, ಜಾಲರಿ ಹಾಕಿದ ಒಂದು ತೂತು ಕಂಡಿತು. ಹಿಂದಿನ ಮಾಲೀಕರು ಯಾವುದೋ ಪೈಪಿಗೆಂದು ಕೊರೆದು ಹಾಗೆಯೇ ಬಿಟ್ಟಿರಬೇಕೆಂದುಕೊಂಡು, ಪಾತ್ರೆ ಉಜ್ಜುವ ಸ್ಪಂಜನ್ನು ಅದರಲ್ಲಿ ತುರುಕಿ, ಮೇಲೆ ಟೇಪ್ ಅಂಟಿಸಿ, ಜಾಣತನ ಮಾಡಿದೆನೆಂದು ಮಲಗಿದೆ. ಮರುದಿನ ಪಕ್ಕದಲ್ಲಿ ಟ್ರೇಲರ್ ನಿಲ್ಲಿಸಿದ್ದ ಹಿರಿಯರೊಬ್ಬರು ಅದನ್ನು ನೋಡಿ, ಮಾತಿಲ್ಲದೆ ಸ್ಪಂಜನ್ನು ಎಳೆದು ನನ್ನ ಕೈಗಿಟ್ಟರು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಅದು ಮೇಲೇರದೆ ನೆಲದಲ್ಲಿ ನೀರಿನಂತೆ ನಿಲ್ಲುತ್ತದೆ, ಅದು ಹರಿದುಹೋಗಲೆಂದೇ ಆ ತೂತು ಇರುವುದು. ಗಾಳಿಯಲ್ಲಿ ಶೇಕಡಾ ಎರಡರಷ್ಟು ಗ್ಯಾಸ್ ಬೆರೆತರೆ ಒಂದು ಕಿಡಿ ಸಾಕು. ಕಾಲಿಗೆ ಚಳಿಯಾದರೆ ಕಾಲುಚೀಲ ಹಾಕಿಕೊಳ್ಳಿ, ಜಾಲರಿಯ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಇಷ್ಟಾದ ಮೇಲೂ ನಾನು ಟ್ರೇಲರನ್ನು ರಾತ್ರಿಯಿಡೀ 18 ಡಿಗ್ರಿಯಲ್ಲಿಡಿ ಎಂದು ಹೇಳುವುದಿಲ್ಲ. ಬೆಚ್ಚಗಿರಬೇಕಾದವರು ಮಲಗಿರುವವರು, 16 ಘನ ಮೀಟರ್ ಗಾಳಿಯಲ್ಲ. ಎರಡು ಲೀಟರಿನ ರಬ್ಬರ್ ಚೀಲಕ್ಕೆ ಸುಮಾರು 60 ಡಿಗ್ರಿಯ ನೀರು ತುಂಬಲು ಹೆಚ್ಚೆಂದರೆ 20 ಗ್ರಾಂ ಗ್ಯಾಸ್ ಬೇಕು. ಮಲಗುವ ಅರ್ಧ ಗಂಟೆ ಮೊದಲು, ಕಿಂಡಿ ತೆರೆದಿಟ್ಟು ನೀರು ಕಾಯಿಸಿ, ಒಲೆ ಆರಿಸಿ, ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹಾಸಿಗೆಯ ಕಾಲ್ದೆಸೆಯಲ್ಲಿಟ್ಟರೆ ನೀವು ಒಳಸೇರುವ ಹೊತ್ತಿಗೆ ಹಾಸಿಗೆ ಬೆಚ್ಚಗಾಗಿರುತ್ತದೆ. ಮೂವರಿಗೆ ಮೂರು ಚೀಲವೆಂದರೂ 60 ಗ್ರಾಂ. ಅದೇ ಬರ್ನರನ್ನು ಎಂಟು ಗಂಟೆ ಪೂರ್ತಿ ಉರಿಸಿದರೆ 1,200 ಗ್ರಾಂ ಖರ್ಚಾಗುತ್ತದೆ. ಕುದಿಯುವ ನೀರನ್ನು ತುಂಬಬೇಡಿ, ಮಗಳು ನಿದ್ದೆ ಹೋದ ಮೇಲೆ ಅವಳ ಚೀಲವನ್ನು ಹೊರಗೆ ತೆಗೆಯಿರಿ. ಬರಿಯ ಬೆಚ್ಚಗೆನಿಸುವ ಶಾಖವೂ ಒಂದೇ ಕಡೆ ಗಂಟೆಗಟ್ಟಲೆ ತಾಗುತ್ತಿದ್ದರೆ ಮಕ್ಕಳ ಚರ್ಮ ಸುಡುತ್ತದೆ. ಮೇಲೆ ಎಷ್ಟು ಹೊದ್ದರೂ ಕೆಳಗೆ ಹಾಸದಿದ್ದರೆ ವ್ಯರ್ಥ, ಏಕೆಂದರೆ ಮೈಭಾರಕ್ಕೆ ಒತ್ತಿಹೋದ ಬಟ್ಟೆ ಶಾಖವನ್ನು ಹಿಡಿಯುವುದಿಲ್ಲ. ತಲೆಗೆ ಉಣ್ಣೆಯ ಟೋಪಿ, ಕಾಲಿಗೆ ಒಣಗಿದ ಕಾಲುಚೀಲ, ಮತ್ತು ಹಗಲಿನ ಬೆವರು ಹೀರಿದ ಬಟ್ಟೆಗೆ ಬದಲಾಗಿ ಒಣಬಟ್ಟೆ: ಇವು ಯಾವ ಯಂತ್ರಕ್ಕೂ ಕಡಿಮೆಯಲ್ಲ. ನಿಮ್ಮಲ್ಲಿರುವ ಬ್ಯಾಟರಿಗೂ ಇಲ್ಲೊಂದು ಕೆಲಸವಿದೆ. 12 ವೋಲ್ಟಿನಲ್ಲಿ ನಡೆಯುವ, 50 ವ್ಯಾಟಿನ ಬಿಸಿ ಹಾಸು ರಾತ್ರಿಯಿಡೀ ನಿಲ್ಲದೆ ನಡೆದರೂ 400 ವ್ಯಾಟ್-ಅವರ್ ಬಳಸುತ್ತದೆ, ಅಂದರೆ ನಿಮ್ಮ ಬ್ಯಾಟರಿಯ ಮೂರನೆಯ ಒಂದು ಭಾಗ.

ಟ್ರೇಲರ್ ನಿಲ್ಲಿಸುವ ಜಾಗವನ್ನೂ ನೋಡಿಕೊಳ್ಳಿ. ರಾತ್ರಿಯ ತಣ್ಣನೆಯ ಗಾಳಿ ಭಾರವಾದ್ದರಿಂದ ಕಣಿವೆಯ ತಳದಲ್ಲಿ ಮಡುಗಟ್ಟುತ್ತದೆ. ಇಳಿಜಾರಿನಲ್ಲಿ ಸ್ವಲ್ಪ ಮೇಲೆ, ಗಾಳಿಗೆ ಮರೆಯಾಗಿ, ದೊಡ್ಡ ಕಿಟಕಿ ಪೂರ್ವಕ್ಕೆ ಮುಖಮಾಡಿ ನಿಂತರೆ ಬೆಳಗಿನ ಬಿಸಿಲು ಬಿಟ್ಟಿಯಾಗಿ ಒಳಬರುತ್ತದೆ.

ಹೀಟರ್ ಬೇಕೇ ಬೇಕೆಂದಾದರೆ, ಆಯ್ಕೆ ನೀವು ಎಲ್ಲಿ ತಂಗುತ್ತೀರಿ ಎಂಬುದನ್ನು ಅವಲಂಬಿಸಿದೆ. ವಿದ್ಯುತ್ ಸಂಪರ್ಕ ಸಿಗುವ ಜಾಗವಾದರೆ ವಿದ್ಯುತ್ ಹೀಟರ್. ಸಿಗದ ಜಾಗವಾದರೆ, ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು ಹೊಗೆಯನ್ನೂ ಹೊರಗೇ ಬಿಡುವ, ಒಳಗಿನ ಗಾಳಿಗೆ ಉರಿಯ ಸೋಂಕೇ ಇಲ್ಲದ ಹೀಟರ್. ಇವೆರಡರ ಬಗ್ಗೆ ಬೇರೆ ಓದುಗರೂ ಕೇಳಿದ್ದಾರೆ.

ಪ್ರಶ್ನೆ: ತಂಗುದಾಣದಲ್ಲಿ ವಿದ್ಯುತ್ ಸಂಪರ್ಕ ಕೊಡುತ್ತಾರೆ. ಕಡಿಮೆ ಕರೆಂಟಿನಲ್ಲಿ ಹೆಚ್ಚು ಶಾಖ ಕೊಡುವ ಹೀಟರ್ ಯಾವುದು? ಸಂಪರ್ಕ ಇಲ್ಲದ ದಿನ ಅದನ್ನೇ ಇನ್ವರ್ಟರಿನಿಂದ ನಡೆಸಬಹುದೇ?

ಉತ್ತರ: ಸುರುಳಿಯನ್ನೋ ಕಡ್ಡಿಯನ್ನೋ ಕಾಯಿಸಿ ಶಾಖ ಕೊಡುವ ಎಲ್ಲ ಹೀಟರುಗಳೂ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖವನ್ನೇ ಕೊಡುತ್ತವೆ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಈ ವಿಷಯದಲ್ಲಿ ದುಬಾರಿ ಹೀಟರಿಗೂ ಅಗ್ಗದ ಹೀಟರಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಸುರಕ್ಷತೆಯಲ್ಲಿ. ಫ್ಯಾನ್ ಇರುವ ಹೀಟರ್ ಐದು ನಿಮಿಷದಲ್ಲಿ ಬಿಸಿಗಾಳಿ ಊದುತ್ತದೆ, ಎದ್ದಿರುವಾಗ ಅದು ಸೊಗಸು. ರಾತ್ರಿಗೆ ನನ್ನ ಒಲವು ಎಣ್ಣೆ ತುಂಬಿದ ರೇಡಿಯೇಟರಿನ ಕಡೆಗೆ, ಏಕೆಂದರೆ ಅದರಲ್ಲಿ ಕೆಂಪಗೆ ಕಾದ ತಂತಿ ಹೊರಗೆ ಕಾಣುವುದಿಲ್ಲ, ಸದ್ದಿಲ್ಲ, ಥರ್ಮೋಸ್ಟಾಟ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಉಳಿಯುತ್ತದೆ. ಯಾವುದೇ ಆದರೂ ಉರುಳಿಬಿದ್ದರೆ ತಾನೇ ಆರುವ ಸ್ವಿಚ್ ಇರಲಿ, ಹಾಸಿಗೆಗೂ ಪರದೆಗೂ ಒಂದು ಮೀಟರ್ ದೂರವಿರಲಿ. ಚಿಕ್ಕ ಟ್ರೇಲರಿನಲ್ಲಿ ಒಂದು ಮೀಟರ್ ಜಾಗವೇ ಸಿಗುವುದಿಲ್ಲ ಎನ್ನುವುದಾದರೆ ಮಲಗುವ ಮೊದಲು ಆರಿಸುವುದೊಂದೇ ದಾರಿ.

ತಂತಿಯ ವಿಷಯದಲ್ಲಿ ಉದಾಸೀನ ಸಲ್ಲದು. 230 ವೋಲ್ಟಿನಲ್ಲಿ 1,500 ವ್ಯಾಟಿನ ಹೀಟರ್ ಆರೂವರೆ ಆಂಪಿಯರ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವೈರನ್ನು ಅರ್ಧ ಮಾತ್ರ ಬಿಚ್ಚಿ ಉಳಿದದ್ದನ್ನು ಹಾಗೆಯೇ ಬಿಟ್ಟರೆ, ಒಳಗಿನ ಸುತ್ತುಗಳ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ ಕರಗುತ್ತದೆ. ಪೂರ್ತಿ ಬಿಚ್ಚಿ, ಕನಿಷ್ಠ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ಬಳಸಿ. ಅರ್ಧ ಗಂಟೆಯ ನಂತರ ಪ್ಲಗ್ಗಿನ ಹೊರಮೈಯನ್ನು ಬೆರಳಿನಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಸಾಕೆಟ್ ಸಡಿಲವಾಗಿದೆ, ತಕ್ಷಣ ಆರಿಸಿ. ಟ್ರೇಲರಿನ ಮೈ ಲೋಹದ್ದಾದ್ದರಿಂದ ಕರೆಂಟಿನ ಸೋರಿಕೆ 30 ಮಿಲಿಆಂಪಿಯರ್ ಮುಟ್ಟಿದರೆ ತಾನೇ ಸಂಪರ್ಕ ಕಡಿಯುವ ಬ್ರೇಕರ್ ಇರಲೇಬೇಕು.

ಇನ್ವರ್ಟರಿನ ಆಸೆ ಬಿಡಿ. 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು ಒಟ್ಟು 1,200 ವ್ಯಾಟ್-ಅವರ್. ಲೆಡ್-ಆಸಿಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧವನ್ನಷ್ಟೇ ಹಾನಿಯಿಲ್ಲದೆ ಬಳಸಬಹುದು. 1,500 ವ್ಯಾಟಿನ ಹೀಟರ್ ಆ ಅರ್ಧವನ್ನು ಅರ್ಧ ಗಂಟೆಯೊಳಗೆ ಕುಡಿದು ಮುಗಿಸುತ್ತದೆ.

ಪ್ರಶ್ನೆ: ಕಾಡಿನಂಚಿನಲ್ಲಿ ತಂಗುತ್ತೇವೆ, ಕರೆಂಟ್ ಇಲ್ಲ. ಡೀಸೆಲ್ ಹೀಟರ್ ಒಳ್ಳೆಯದೇ? ನಾವೇ ಕೂರಿಸಿಕೊಳ್ಳಬಹುದೇ?

ಉತ್ತರ: ಸರಿಯಾಗಿ ಕೂರಿಸಿದರೆ ಇದು ನನ್ನ ಮೊದಲ ಆಯ್ಕೆ. ಉರಿಯುವ ಕೋಣೆ ಪೂರ್ತಿ ಮುಚ್ಚಿರುತ್ತದೆ. ಅದರ ಗಾಳಿ ಹೊರಗಿನಿಂದ ಬಂದು, ಹೊಗೆ ಹೊರಗೇ ಹೋಗುತ್ತದೆ, ಟ್ರೇಲರಿನ ಗಾಳಿ ಲೋಹದ ಇನ್ನೊಂದು ಬದಿಯಲ್ಲಿ ಹಾದು ಬಿಸಿಯಾಗುತ್ತದೆ. ಉರಿಯಿಂದ ಹುಟ್ಟುವ ನೀರಾವಿಯೂ ಹೊರಗೇ ಹೋಗುವುದರಿಂದ ಒಳಗೆ ಬರುವುದು ಒಣ ಶಾಖ. 2,000 ವ್ಯಾಟಿನ ಹೀಟರ್ ಸಣ್ಣ ಉರಿಯಲ್ಲಿ ಗಂಟೆಗೆ ಸುಮಾರು 100 ಮಿಲಿಲೀಟರ್, ಪೂರ್ತಿ ಉರಿಯಲ್ಲಿ ಕಾಲು ಲೀಟರಿನಷ್ಟು ಡೀಸೆಲ್ ಕುಡಿಯುತ್ತದೆ. ಹೊತ್ತಿಸುವಾಗ ಒಳಗಿನ ಕಡ್ಡಿ ಕಾಯಲು ಕೆಲವು ನಿಮಿಷ 10 ಆಂಪಿಯರಿನಷ್ಟು ಬೇಕು, ಆಮೇಲೆ ಒಂದೆರಡು ಆಂಪಿಯರ್ ಸಾಕು.

ಕೆಲಸ ಕೆಡುವುದು ಹೊಗೆಕೊಳವೆಯಲ್ಲಿ. ಜೋಡಣೆಯೊಂದು ಸಡಿಲವಾಗಿ, ಹೊಗೆ ನೆಲದಡಿಯಲ್ಲಿ ಸೇರಿಕೊಂಡು ಸಂದುಗಳಿಂದ ಒಳಗೆ ನುಸುಳಿತೆಂದರೆ ಒಲೆ ಉರಿಸಿ ಮಲಗಿದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಕೊಳವೆಯ ಬಾಯಿ ಟ್ರೇಲರಿನ ಅಂಚಿನಿಂದಾಚೆ, ಕಿಟಕಿಗೂ ಗಾಳಿ ಎಳೆಯುವ ಕೊಳವೆಗೂ ದೂರವಾಗಿರಲಿ. ಕೆಳಗೆ ಒಣಹುಲ್ಲು ಇರದಿರಲಿ, ಏಕೆಂದರೆ ಆ ಕೊಳವೆ ಹುಲ್ಲಿಗೆ ಬೆಂಕಿ ಹತ್ತಿಸುವಷ್ಟು ಕಾಯುತ್ತದೆ. ನೀವೇ ಕೂರಿಸಬಹುದೇ ಎಂದರೆ, ಕೈಯಲ್ಲಿ ಆ ಕಸುಬು ಇದ್ದವರು ಕೂರಿಸಬಹುದು. ಆದರೆ ಮೊದಲ ಸಲ ಹೊತ್ತಿಸುವ ಮುನ್ನ ತಿಳಿದವರೊಬ್ಬರಿಂದ ನೋಡಿಸಿ. ಆರಿಸುವಾಗ ಬ್ಯಾಟರಿಯ ತಂತಿಯನ್ನು ಕಿತ್ತು ಆರಿಸಬೇಡಿ. ಅದರ ಸ್ವಿಚ್ಚಿನಿಂದಲೇ ಆರಿಸಿದರೆ ಫ್ಯಾನ್ ಇನ್ನೂ ಕೆಲವು ನಿಮಿಷ ತಿರುಗಿ ಒಳಭಾಗವನ್ನು ತಣ್ಣಗಾಗಿಸುತ್ತದೆ. ದಿನಗಟ್ಟಲೆ ಸಣ್ಣ ಉರಿಯಲ್ಲೇ ಇಟ್ಟರೆ ಒಳಗೆ ಮಸಿ ಕಟ್ಟುತ್ತದೆ, ಆಗಾಗ ಹತ್ತು ನಿಮಿಷ ಜೋರಾಗಿ ಉರಿಸಿ.

ಪ್ರಶ್ನೆ: ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ಸೆನ್ಸರ್ ಇರುವ ಚಿಕ್ಕ ಗ್ಯಾಸ್ ಹೀಟರ್ ಸಿಗುತ್ತದೆ. ಅದು ಸುರಕ್ಷಿತವೇ? ಜೊತೆಗೆ, ಚಳಿ ಹೆಚ್ಚಾದಾಗ ನಮ್ಮ ಸಿಲಿಂಡರ್ ಏಕೆ ಕೈಕೊಡುತ್ತದೆ?

ಉತ್ತರ: ಎದ್ದಿರುವಾಗ, ಮೇಲಿನ ಮತ್ತು ಕೆಳಗಿನ ಕಿಂಡಿಗಳು ತೆರೆದಿರುವಾಗ ಬಳಸಬಹುದು, ಮಲಗುವ ಮುನ್ನ ಆರಿಸಬೇಕು. ಅಂಥ ಸೆನ್ಸರ್ ಆಮ್ಲಜನಕ ಶೇಕಡಾ 18ರ ಸುಮಾರಿಗೆ ಇಳಿದಾಗ ಗ್ಯಾಸ್ ನಿಲ್ಲಿಸುತ್ತದೆ. ಅದು ಅಳೆಯುವುದು ಆಮ್ಲಜನಕವನ್ನು, ವಿಷಾನಿಲವನ್ನಲ್ಲ. ಬರ್ನರಿನ ಬಾಯಲ್ಲಿ ಧೂಳೋ ಜೇಡರಬಲೆಯೋ ಕಟ್ಟಿ ಉರಿ ಹಳದಿಯಾಗಿದ್ದರೆ, ಆಮ್ಲಜನಕ ಸಾಕಷ್ಟಿರುವಾಗಲೂ ಕಾರ್ಬನ್ ಮಾನಾಕ್ಸೈಡ್ ಹುಟ್ಟಬಹುದು. ಜ್ವಾಲೆಯಿಲ್ಲದೆ ಕೆಂಪಗೆ ಕಾಯುವ ಕ್ಯಾಟಲಿಟಿಕ್ ಹೀಟರಿಗೂ ಇದೇ ನಿಯಮ: ಜ್ವಾಲೆ ಕಾಣದಿದ್ದರೂ ಅದೂ ಆಮ್ಲಜನಕವನ್ನು ಬಳಸುತ್ತದೆ.

ಸಿಲಿಂಡರ್ ಕೈಕೊಡುವುದಕ್ಕೆ ಕಾರಣ ಒಳಗಿನ ಬ್ಯೂಟೇನ್ ಮತ್ತು ಪ್ರೊಪೇನ್ ಎಂಬ ಅನಿಲಗಳ ಮಿಶ್ರಣ. ಬ್ಯೂಟೇನ್ ಆವಿಯಾಗುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ, ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಬ್ಯೂಟೇನ್ ಹೆಚ್ಚಿರುವ ಸಿಲಿಂಡರ್ ಚಳಿಯಲ್ಲಿ ತುಂಬಿದ್ದರೂ ಖಾಲಿಯಂತೆ ವರ್ತಿಸುತ್ತದೆ. ಹಾಗೆಂದು ಸಿಲಿಂಡರನ್ನು ಬೆಂಕಿಯ ಹತ್ತಿರ ತಂದು ಕಾಯಿಸಬಾರದು. ಚಳಿನಾಡಿಗೆ ಹೋಗುವವರು ಪ್ರೊಪೇನ್ ಹೆಚ್ಚಿರುವುದನ್ನು ಕೇಳಿ ಪಡೆಯಬೇಕು. ಪ್ರತಿ ಪ್ರವಾಸಕ್ಕೆ ಮುಂಚೆ ರೆಗ್ಯುಲೇಟರ್ ಮತ್ತು ಪೈಪಿನ ಜೋಡಣೆಗೆ ಸೋಪಿನ ನೊರೆ ಸವರಿ, ಒಂದು ನಿಮಿಷ ಕಣ್ಣಿಟ್ಟು ನೋಡಿ. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು, ಹಿಗ್ಗಿ, ಒಡೆದು, ಅದೇ ಜಾಗದಲ್ಲಿ ಮತ್ತೆ ಎದ್ದರೆ ಸೋರಿಕೆ ಇದೆ ಎಂದೇ ಅರ್ಥ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಸಾಹಸ ಬೇಡ.

ಪ್ರಶ್ನೆ: ಚಳಿಗಿಂತ ನಮಗೆ ತೇವದ್ದೇ ಕಾಟ. ಬೆಳಿಗ್ಗೆ ಹಾಸಿಗೆಯ ಅಡಿ ಒದ್ದೆಯಾಗಿರುತ್ತದೆ, ಬೂಷ್ಟು ಬಂದಿದೆ. ಎಲ್ಲಿಂದ ಸೋರುತ್ತಿದೆಯೋ ತಿಳಿಯದು.

ಉತ್ತರ: ಸೋರುತ್ತಿಲ್ಲ, ಅದು ನಿಮ್ಮದೇ ಉಸಿರು. ಮಲಗಿರುವ ಒಬ್ಬರ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಗಾಳಿಗೆ ಸೇರುತ್ತದೆ. ಮೂವರು, ಎಂಟು ಗಂಟೆ ಎಂದರೆ ಒಂದು ಲೀಟರಿನ ಹತ್ತಿರ. ಒಳಗೆ ಗ್ಯಾಸ್ ಉರಿಸಿದರೆ ಪ್ರತಿ ಕಿಲೋ ಗ್ಯಾಸಿಗೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಸೇರುತ್ತದೆ. 20 ಡಿಗ್ರಿಯ, ಶೇಕಡಾ 60 ತೇವವಿರುವ ಗಾಳಿ 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯನ್ನು ಮುಟ್ಟಿದರೂ ಅಲ್ಲಿ ನೀರಾಗುತ್ತದೆ. ಕಿಟಕಿ, ತಗಡಿನ ಚೌಕಟ್ಟು, ಹಲಗೆಗೆ ಅಂಟಿಕೊಂಡ ಹಾಸಿಗೆಯ ಅಡಿ ಎಲ್ಲವೂ ಅಂಥ ಜಾಗಗಳೇ.

ಇಲ್ಲಿಯೂ ಮದ್ದು ಕಿಂಡಿಯೇ. ಹೊರಗೆ ಮಂಜು ಕವಿದು ಒದ್ದೆಯೆನಿಸಿದರೂ ತಣ್ಣನೆಯ ಗಾಳಿಯಲ್ಲಿ ನೀರು ಕಡಿಮೆಯೇ ಇರುತ್ತದೆ. 5 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ 7 ಗ್ರಾಂ ಹಿಡಿದರೆ ಹೆಚ್ಚು, ಅದೇ ಗಾಳಿ ಒಳಬಂದು 18 ಡಿಗ್ರಿಗೆ ಕಾದರೆ 15 ಗ್ರಾಂ ಹಿಡಿಯಬಲ್ಲದು; ಆ ಹೆಚ್ಚಿನ ಹಸಿವಿನಿಂದಲೇ ಅದು ತೇವವನ್ನು ಹೊತ್ತುಕೊಂಡು ಹೊರಹೋಗುತ್ತದೆ. ಹಾಸಿಗೆಯ ಕೆಳಗೆ ಸಂದುಬಿಟ್ಟ ಪಟ್ಟಿಗಳನ್ನು ಜೋಡಿಸಿ ಗಾಳಿಯಾಡಲು ಬಿಡಿ, ಬೆಳಿಗ್ಗೆ ಎದ್ದೊಡನೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಬೇಡಿ.

ಪ್ರಶ್ನೆ: ಎಚ್ಚರಿಕೆಯ ಅಲಾರಂ ಯಾವುದು ಬೇಕು, ಎಲ್ಲಿ ಹಾಕಬೇಕು?

ಉತ್ತರ: ಕಾರ್ಬನ್ ಮಾನಾಕ್ಸೈಡಿಗೆ ಒಂದು, ಗ್ಯಾಸ್ ಸೋರಿಕೆಗೆ ಒಂದು, ಹೊಗೆಗೆ ಒಂದು. ಕಾರ್ಬನ್ ಮಾನಾಕ್ಸೈಡ್ ಗಾಳಿಯಷ್ಟೇ ಹಗುರವಾಗಿದ್ದು ಎಲ್ಲೆಡೆ ಬೆರೆಯುವುದರಿಂದ ಅದರ ಅಲಾರಂ ಮಲಗಿದವರ ತಲೆಯ ಮಟ್ಟದಲ್ಲಿ, ಹಾಸಿಗೆಯ ಹತ್ತಿರವಿರಲಿ. ಗ್ಯಾಸಿನದು ನೆಲದಿಂದ ಒಂದು ಗೇಣಿನೊಳಗೆ, ಹೊಗೆಯದು ಚಾವಣಿಯಲ್ಲಿ. ವಾಹನ ಮತ್ತು ದೋಣಿಗಳ ಕಾರ್ಬನ್ ಮಾನಾಕ್ಸೈಡ್ ಅಲಾರಂಗಾಗಿಯೇ ಇರುವ ಯೂರೋಪಿನ ಮಾನದಂಡ ಇಎನ್ 50291ರ ಎರಡನೆಯ ಭಾಗ; ಆ ಗುರುತಿರುವುದು ರಸ್ತೆಯ ಕುಲುಕಾಟವನ್ನು ತಾಳಿಕೊಳ್ಳುತ್ತದೆ. ಒಳಗಿನ ಸೆನ್ಸರಿಗೆ ಆಯುಸ್ಸಿದೆ, ಹಿಂಬದಿಯಲ್ಲಿ ಮುದ್ರಿಸಿದ ವರ್ಷ ದಾಟಿದ ಮೇಲೆ ಗುಂಡಿ ಒತ್ತಿದಾಗ ಕಿರುಚಿದರೂ ಅದನ್ನು ನಂಬಬೇಡಿ. ಗುಂಡಿ ಪರೀಕ್ಷಿಸುವುದು ಸದ್ದನ್ನು ಮಾತ್ರ. ಮೂರಕ್ಕೂ ಹಣ ಸಾಲದಿದ್ದರೆ ಹೀಟರ್ ಕೊಳ್ಳುವುದನ್ನು ಮುಂದೂಡಿ, ಅಲಾರಂ ಕೊಳ್ಳುವುದನ್ನಲ್ಲ.

ಪ್ರಶ್ನೆ: ನಾಲ್ಕು ಪುಟ್ಟ ಮೇಣದ ದೀಪಗಳ ಮೇಲೆ ಮಣ್ಣಿನ ಹೂಕುಂಡ ಬೋರಲು ಹಾಕಿದರೆ ಕೋಣೆಯೇ ಬೆಚ್ಚಗಾಗುತ್ತದಂತೆ, ನಿಜವೇ?

ಉತ್ತರ: ಅಂಥ ಒಂದು ದೀಪ ಕೊಡುವ ಶಾಖ 30-40 ವ್ಯಾಟ್, ನಾಲ್ಕೂ ಸೇರಿದರೆ ಇಬ್ಬರು ಮಲಗಿದ್ದಷ್ಟು. ಕುಂಡ ಆ ಶಾಖವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಬಿಡುತ್ತದೆಯೇ ಹೊರತು ಒಂದು ವ್ಯಾಟನ್ನೂ ಹೆಚ್ಚಿಸುವುದಿಲ್ಲ. ಕೈಯಿಟ್ಟಾಗ ಕುಂಡ ಬಿಸಿಯಾಗಿರುವುದರಿಂದ ಕೋಣೆಯೂ ಬಿಸಿಯಾಯಿತೆಂಬ ಭ್ರಮೆ ಹುಟ್ಟುತ್ತದೆ, ಅಷ್ಟೆ. ಆದರೆ ಮುಚ್ಚಿದ ಕುಂಡದಡಿ ನಾಲ್ಕು ದೀಪಗಳ ಮೇಣವೂ ವಿಪರೀತ ಕಾದರೆ ಬತ್ತಿಯಷ್ಟೇ ಅಲ್ಲ, ಮೇಣವೇ ಹೊತ್ತಿಕೊಳ್ಳುತ್ತದೆ. ಗಾಬರಿಯಲ್ಲಿ ಅದರ ಮೇಲೆ ನೀರು ಸುರಿದರೆ ಉರಿಯುವ ಮೇಣ ಪರದೆಯವರೆಗೂ ಸಿಡಿಯುತ್ತದೆ. ಕುಂಡದಲ್ಲಿ ಗಿಡ ನೆಡಿ.